ಆಲೂಗಡ್ಡೆ ಚಕ್ರದ ಸೈಕಲ್

ತಂಗಿಯ ಬೆರಳು ಅಂಗಿಯ ತೋಳಿನ ಗುಂಡಿಗೆ ತಾಗಿತ್ತು ಅಷ್ಟೇ, ಕ್ಷೌರಿಕ ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಬಂದ. ಅವಳು ಕೈ ಹಿಂದಕ್ಕೆಳೆದುಕೊಂಡು, ಅಣ್ಣನ ಎದೆಯ ಮೇಲೆ ಇಲ್ಲದ ನೊಣವೊಂದನ್ನು ಓಡಿಸಿದಳು.

"ಬಿಗಿಯಾಯ್ತಾ ಅಕ್ಕ, ಗುಂಡಿ?" ಎಂದ ಕ್ಷೌರಿಕ, ಬುಟ್ಟಿಯನ್ನು ಮಂಚದ ಕಾಲಿನ ಹತ್ತಿರ ಇಡುತ್ತ. "ಬೆಳಿಗ್ಗೆ ನಾನೇ ಹಾಕಿದ್ದು. ಗಡ್ಡ ತೆಗೆದು, ಮೈ ಒರೆಸಿ, ನಾನೂ ಬಸ್ಸಿನವನೂ ಸೇರ್ಕೊಂಡು ಅಂಗಿ ತೊಡಿಸಿದ್ವಿ. ಬದುಕಿದ್ದಾಗ ಒಂದು ದಿನ ಸುಮ್ಮನೆ ಕೂತು ಗಡ್ಡ ಮಾಡಿಸ್ಕೊಂಡವನಲ್ಲ ನಿಮ್ಮಣ್ಣ. ಬರೀ ಮಾತು. ಒಂದು ಗೀರೂ ಬೀಳದೆ ಕೆಲಸ ಮುಗಿದಿದ್ದು ಇವತ್ತೇ ಮೊದಲು."

"ಸರಿಯಾಗೇ ಇದೆ," ಎಂದಳು ತಂಗಿ.

ಅಂಗಿ ತೊಡಿಸಿದವನು ತೋಳನ್ನು ನೋಡಿಯೇ ಇರುತ್ತಾನೆ. ಒಂದು ಮಾತು ಕೇಳಿದರೆ ಮುಗಿಯಿತು. ಆದರೆ ಈ ಕ್ಷೌರಿಕನನ್ನು ಕೇಳುವುದೂ ಒಂದೇ, ಬೀದಿಯ ನಡುವೆ ನಿಂತು ಕೂಗುವುದೂ ಒಂದೇ.

ನಡುಮನೆಯ ಮಂಚದ ಮೇಲೆ ಮಲಗಿದ್ದವನು ಆ ಬೀದಿಗೆಲ್ಲ ಹಚ್ಚೆಯಣ್ಣ. ನಿನ್ನೆ ಊಟವಾದ ಮೇಲೆ, ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸುವ ಒರಗುಕುರ್ಚಿಯಲ್ಲಿ ತಾನೇ ಒರಗಿ ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ನೋವಿಲ್ಲ, ನರಳಾಟವಿಲ್ಲ, ಆಸ್ಪತ್ರೆಯ ಓಡಾಟವಿಲ್ಲ. ಬಂದವರೆಲ್ಲ ಅದನ್ನೇ ಹೇಳಿ ಮನೆಯವರಿಗೆ ಸಮಾಧಾನ ಮಾಡುತ್ತಿದ್ದರು, ತಾವೂ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಜೀವಮಾನವಿಡೀ ಊರಿನವರ ಮೈಗೆ ಸೂಜಿ ಚುಚ್ಚಿದವನಿಗೆ ಕೊನೆಗೆ ಒಂದು ಇಂಜೆಕ್ಷನ್ನೂ ಬೇಕಾಗಲಿಲ್ಲ ಎಂದು ಯಾರೋ ಅಂದಾಗ, ಅಳುತ್ತಿದ್ದ ಅತ್ತಿಗೆಗೂ ನಗು ಬಂತು.

ಮಧ್ಯಾಹ್ನಕ್ಕೆ ವಾಹನ ಬರುವುದಿತ್ತು. ಅಷ್ಟರೊಳಗೆ ತಂಗಿಗೆ ಆಗಬೇಕಾದ ಕೆಲಸ ಒಂದೇ. ಅಣ್ಣನ ಎಡತೋಳಿನ ಅಂಗಿಯನ್ನು ಮೊಣಕೈವರೆಗೆ ಮಡಚಬೇಕು. ಅಲ್ಲಿ, ಒಳಮೈಯಲ್ಲಿ, ಒಂದು ಸೈಕಲ್ ಇನ್ನೂ ಇದೆಯೋ, ಇಲ್ಲ ಅದರ ಮೇಲೆ ಕಪ್ಪು ಮಸಿ ಬಿದ್ದಿದೆಯೋ ನೋಡಬೇಕು. ಆ ಸೈಕಲ್ ಅವಳು ಹಾಕಿದ್ದ ಹಚ್ಚೆ. ಅದನ್ನು ಮುಚ್ಚಿಬಿಡುತ್ತೇನೆ ಎಂದು ಅಣ್ಣ ಎದುರಿಗೇ ಹೇಳಿದ್ದ. ಹೇಳಿ ಹತ್ತು ಹನ್ನೆರಡು ವರ್ಷವಾಗಿತ್ತು. ಅಂದಿನಿಂದ ಅವನು ತುಂಬುತೋಳಿನ ಅಂಗಿ ಬಿಟ್ಟು ಬೇರೆ ತೊಟ್ಟಿದ್ದನ್ನು ಅವಳು ಕಂಡಿರಲಿಲ್ಲ. ನೆಂಟರ ಮನೆಯಲ್ಲಿ ಎದುರಾದಾಗ, ಬಿರುಬೇಸಿಗೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿದ್ದರೂ ಅವನು ಆ ಗುಂಡಿ ಬಿಚ್ಚುತ್ತಿರಲಿಲ್ಲ. ಮುಚ್ಚಿದ್ದಾನೆ ಅನ್ನುವುದಕ್ಕೆ ಇನ್ನೇನು ಬೇಕು? ಆದರೂ ಕಣ್ಣಾರೆ ನೋಡದೆ ಅವನನ್ನು ಕಳಿಸಿಕೊಡಲಾರಳು. ಇವತ್ತು ನೋಡದಿದ್ದರೆ ಇನ್ನು ನೋಡುವ ಮಾತೇ ಇಲ್ಲ.

*

ಅವಳನ್ನು ಈ ಕೆಲಸಕ್ಕೆ ಎಳೆದವನು ಅವನೇ. ಓದು ತಲೆಗೆ ಹತ್ತದೆ ಮನೆಯಲ್ಲಿ ಕೂತಿದ್ದ ತಂಗಿಯನ್ನು, "ಬಾರೇ ಕಡ್ಡಿ, ಗೆರೆ ಎಳೆಯೋಕೆ ಬರುತ್ತಲ್ಲ, ಅಷ್ಟು ಸಾಕು" ಎಂದು ಎಬ್ಬಿಸಿಕೊಂಡು ಹೋಗಿದ್ದ. ಆಗ ನಿಜವಾಗಿಯೂ ಕಡ್ಡಿಯ ಹಾಗಿದ್ದಳು. ಮುಂದೆ ಮೈ ತುಂಬಿಕೊಂಡ ಮೇಲೂ ಅವನ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಕೇಳಿದವರು ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ನಕ್ಕರೆ ಅವನಿಗೆ ಖುಷಿ.

ಅಂಗಡಿಯೆಂದರೆ ಕ್ಷೌರದಂಗಡಿಯ ಪಕ್ಕದ ಒಂದು ಕೋಣೆ. ಒರಗುಕುರ್ಚಿ, ಕುತ್ತಿಗೆ ಬಗ್ಗಿಸಿದ ದೀಪ, ಗ್ಲೌಸಿನ ಡಬ್ಬ, ಗುಂಯ್ ಎನ್ನುವ ಮೆಷಿನ್ನು. ಗೋಡೆ ತುಂಬ ಅವನು ಬರೆದ ಚಿತ್ರಗಳು. ಹುಲಿ, ಹದ್ದು, ಹೆಡೆ ಎತ್ತಿದ ಹಾವು, ಅಂಥದ್ದೊಂದೂ ಅಲ್ಲಿರಲಿಲ್ಲ. ವಾರದ ರಜೆಯ ದಿನ ಸೈಕಲ್ ಏರಿ ಊರು ಸುತ್ತಿ, ಕಂಡದ್ದನ್ನು ಬರೆದುಕೊಂಡು ಬರುತ್ತಿದ್ದ: ಮೂಲೆಯ ನಲ್ಲಿ, ಕಿಟಕಿಯ ಸರಳಿಗೆ ಸಿಕ್ಕಿಬಿದ್ದ ಗಾಳಿಪಟ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಗಿಡ, ಯಾರದೋ ಬಾಗಿಲ ಮುಂದಿನ ಚಪ್ಪಲಿ. ಕ್ಯಾರಿಯರ್ ಮೇಲೆ ಅವಳು. "ಈ ಓಣಿ ಮುಂದೆ ಮುಚ್ಚಿದೆ ಅಣ್ಣ" ಅಂದರೆ, "ಎಲ್ಲಿ ಮುಚ್ಚಿದೆ ಅಂತಾನೇ ನೋಡೋಣ ಇರು" ಅನ್ನುತ್ತಿದ್ದ. ಹುಲಿ ಬೇಕು ಎಂದು ಬಂದ ಗಿರಾಕಿಯ ಹತ್ತಿರ "ಹುಲಿ ನೀನು ಯಾವತ್ತು ನೋಡಿದ್ದೆ? ದಿನಾ ನೀರು ಹಿಡಿಯೋದು ಈ ನಲ್ಲೀಲಿ ತಾನೇ?" ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಅರ್ಧ ಜನ ಎದ್ದು ಹೋಗುತ್ತಿದ್ದರು. ಉಳಿದವರು ನಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರು.

ಅವಳು ಮೊದಮೊದಲು ಸೂಜಿ ಚುಚ್ಚಿದ್ದು ಬಾಳೆಹಣ್ಣಿನ ಸಿಪ್ಪೆಗೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆ ನೆಂಟರ ಮುಂದೆ ತಟ್ಟೆ ತಂದಿಟ್ಟರೆ, ಒಂದೊಂದು ಹಣ್ಣಿನ ಮೇಲೂ ಒಂದೊಂದು ಬೆಕ್ಕು. ಹೀಗೇ ಕೆಲವು ತಿಂಗಳಾದ ಮೇಲೆ ಅಣ್ಣ ಅಂಗಿಯ ತೋಳು ಮಡಚಿ, ಅವಳ ಎದುರಿಗೆ ಎಡಗೈ ಚಾಚಿ ಕೂತ.

"ಹಣ್ಣು ಸಾಕು. ಹಣ್ಣು ಅಯ್ಯೋ ಅನ್ನಲ್ಲ. ನನಗೆ ಹಾಕು."

"ಕೆಟ್ಟುಹೋದ್ರೆ?"

"ಕೆಟ್ಟ ಕೈ ಇಟ್ಕೊಂಡು ಓಡಾಡ್ತೀನಿ, ನಿನಗೇನು? ಸೈಕಲ್ ಹಾಕು. ನಮ್ಮ ಸೈಕಲ್."

ಈ ಕೆಲಸದಲ್ಲಿ ಚಕ್ರದಷ್ಟು ಕಷ್ಟದ್ದು ಬೇರೊಂದಿಲ್ಲ. ಚರ್ಮ ಕಾಗದದ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಹದವಾಗಿ ಎಳೆದು ಹಿಡಿಯಬೇಕು. ಅವಳು ಹೆದರಿಕೆಗೆ ಒಂದೇ ಕಡೆಗೆ ಜಗ್ಗಿ ಹಿಡಿದಳು. ಹಿಡಿದಷ್ಟು ಹೊತ್ತೂ ಚಕ್ರಗಳು ಬಟ್ಟಲಿಟ್ಟು ಎಳೆದ ಹಾಗೆ ಗುಂಡಗಿದ್ದವು. ಕೊನೆಯ ಗೆರೆ ಮುಗಿಸಿ, ಮಸಿ ಒರೆಸಿ, ಹೆಮ್ಮೆಯಿಂದ ಕೈ ಬಿಟ್ಟಳು. ಚರ್ಮ ತನ್ನ ಜಾಗಕ್ಕೆ ಹೋಯಿತು. ಚಕ್ರಗಳೆರಡೂ ಸೊಟ್ಟಗಾಗಿ ಕುಗ್ಗಿದವು.

ಅಣ್ಣ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದ. "ಸೈಕಲ್ ಕೇಳಿದ್ರೆ ಎರಡು ಆಲೂಗಡ್ಡೆ ಕೊಟ್ಟಿದ್ದೀಯಲ್ಲೇ."

ಅವಳಿಗೆ ಅಳು ಬಂತು. ಅವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಳಬೇಡ್ವೇ, ಬೇಕಾದಾಗ ಎಳೆದು ನೋಡ್ಕೊಳ್ತೀನಿ," ಎಂದು ತನ್ನ ಚರ್ಮವನ್ನು ತಾನೇ ಜಗ್ಗಿದ. ಗುಂಡಗಾಯಿತು. ಬಿಟ್ಟ. ಆಲೂಗಡ್ಡೆ. ಸರಿಮಾಡಿಕೊಡುತ್ತೇನೆ ಎಂದು ಅವಳು ಗೋಗರೆದರೂ ಕೇಳಲಿಲ್ಲ. ಮುಂದೆ ಬಂದ ಗಿರಾಕಿಗಳಿಗೆಲ್ಲ ಎಳೆದು, ಬಿಟ್ಟು, ತೋರಿಸಿ ಅವಳ ಮಾನ ಕಳೆದ. ತಂಗಿ ಹಾಕಿದ್ದು ಎಂದು ಹೇಳುವುದನ್ನು ಮಾತ್ರ ಒಮ್ಮೆಯೂ ಮರೆಯುತ್ತಿರಲಿಲ್ಲ.

*

"ಇದು ಎಲ್ಲೀ ಮೆಟ್ಟಿಲು, ಹೇಳು ನೋಡೋಣ," ಎಂದು ಬಸ್ಸಿನವನು ಅಂಗಿಯ ತೋಳು ಏರಿಸಿ, ಕ್ಷೌರಿಕನ ಮೂಗಿನ ಹತ್ತಿರಕ್ಕೇ ಕೈ ತಂದ.

ಸತ್ತವರ ಮನೆಯಲ್ಲಿ ಜನ ಎಷ್ಟು ಹೊತ್ತು ತಲೆ ತಗ್ಗಿಸಿ ಕೂರಬಲ್ಲರು? ಗೋಡೆಗೆ ಒರಗಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಹಚ್ಚೆ ತೋರಿಸಲು ಶುರುಮಾಡಿದ್ದರು. ಕ್ಷೌರಿಕನ ಅಂಗೈ ಹಿಂಭಾಗದಲ್ಲಿ ಒಂದು ನಲ್ಲಿ, ಅದರ ತುದಿಯಲ್ಲಿ ಇನ್ನೂ ಬೀಳದ ಒಂದು ಹನಿ. ಆ ನಲ್ಲಿ ಗ್ರಂಥಾಲಯದ ಹಿಂದಿನದು ಎಂದು ಅವನು, ಅಲ್ಲವೇ ಅಲ್ಲ, ಶಾಲೆಯ ಹಿಂದಿನದು ಎಂದು ಬಸ್ಸಿನವನು, ಆಗಲೇ ಒಂದು ಸುತ್ತು ಜಗಳ ಮುಗಿದಿತ್ತು. ನಾಳೆ ಇಬ್ಬರೂ ಹೋಗಿ ನೋಡಿಕೊಂಡು ಬರುವುದೆಂದು ತೀರ್ಮಾನವಾಗಿತ್ತು.

"ಕಬ್ಬಿಣದ ಮೆಟ್ಟಿಲು," ಎಂದ ಕ್ಷೌರಿಕ, ಕಣ್ಣು ಕಿರಿದು ಮಾಡಿ. "ಒಂದು ಮೆಟ್ಟಿಲು ಬಗ್ಗಿದೆ. ಪಕ್ಕದಲ್ಲಿ ಒಡೆದ ಬಕೆಟ್, ಅದರಲ್ಲೊಂದು ಗಿಡ. ಎಲ್ಲಪ್ಪ ಇದು?"

"ಅದೇ ನಾನೂ ಕೇಳ್ತಿರೋದು. ದಿನಾ ಊರೆಲ್ಲ ಬಸ್ ಓಡಿಸ್ತೀನಿ, ಒಂದು ಸಲಾನೂ ಕಂಡಿಲ್ಲ."

"ಬಸ್ ಹೋಗೋ ಕಡೆಗೆ ಅವನು ಯಾವತ್ತು ಹೋಗಿದ್ದ?"

"ಹೋದ ವರ್ಷ ಹಾಕಿದ್ದು. ಎಲ್ಲಿದು ಅಂತ ಕೇಳಿದ್ದಕ್ಕೆ, 'ನನ್ನಿಂದ ಹತ್ತೋಕೆ ಆಗದ ಮೆಟ್ಟಿಲು ಕಣೋ' ಅಂದ. ಮಂಡಿನೋವು ಇರ್ಬೇಕು ಅಂದ್ಕೊಂಡು ಒಂದು ಮುಲಾಮು ತಂದುಕೊಟ್ಟೆ."

ತಂಗಿ ಮಂಚದ ಪಕ್ಕದಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ಆ ಬಕೆಟ್ಟಿಗೆ ಇವತ್ತು ಬೆಳಿಗ್ಗೆ ಅವಳೇ ನೀರು ಹಾಕಿ ಬಂದಿದ್ದಳು. ಊರಿನ ಇನ್ನೊಂದು ತುದಿಯಲ್ಲಿರುವ ಅವಳದೇ ಹಚ್ಚೆ ಅಂಗಡಿಗೆ ಹತ್ತುವ ಮೆಟ್ಟಿಲು ಅದು. ಅಣ್ಣ ಅಲ್ಲಿಯವರೆಗೆ ಬಂದಿದ್ದ. ಕೆಳಗೆ ನಿಂತು, ಬಗ್ಗಿದ ಮೆಟ್ಟಿಲನ್ನು ಕೂಡ ಬಿಡದೆ ಬರೆದುಕೊಂಡು, ಮೇಲೆ ಬರದೆ ಹೋಗಿದ್ದ.

ಮಹಾರಾಯ, ಕೂಗಿದ್ದರೆ ಸಾಕಿತ್ತಲ್ಲ, ಎಂದು ಅವಳಿಗೆ ಸಿಟ್ಟು ಬಂತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ತೋಳಿನ ಮೇಲಿನ ಸೈಕಲ್ ಮುಚ್ಚಿದ್ದಕ್ಕೇ ಮುಖ ತೋರಿಸಲಾಗದೆ ಹೋಗಿರಬೇಕು. ಮತ್ತೆ ಗುಂಡಿಗೆ ಕೈ ಹಾಕಿದಳು.

"ಏನಾದ್ರೂ ಬೇಕಿತ್ತೇನೇ?" ಅತ್ತಿಗೆ ನೀರಿನ ಲೋಟ ಹಿಡಿದು ಹಿಂದೆ ನಿಂತಿದ್ದಳು.

"ಇಲ್ಲ ಅತ್ತಿಗೆ. ಅಂಗಿ ಸುಕ್ಕಾಗಿತ್ತು."

"ಹೌದಾ," ಎಂದಳು ಅತ್ತಿಗೆ. ಇಸ್ತ್ರಿ ಮಾಡಿದವಳು ಅವಳೇ. ಲೋಟ ಕೊಟ್ಟು ಒಳಗೆ ಹೋದಳು.

*

ಹಳೆಯ ಹಚ್ಚೆಯ ಮೇಲೆ ಹೊಸದು ಹಾಕಿ ಮುಚ್ಚುವುದು ಅಣ್ಣನ ಅಂಗಡಿಯಲ್ಲಿ ನಿತ್ಯದ ಕೆಲಸ. ಬಿಟ್ಟುಹೋದವರ ಹೆಸರು, ಮುರಿದ ಮದುವೆ, ಜಗಳವಾಡಿದ ಗೆಳೆತನ, ಎಲ್ಲವೂ ಕೊನೆಗೆ ಅಲ್ಲಿಗೇ ಬರುತ್ತಿದ್ದವು. ಅದಕ್ಕೆ ಅವನದೊಂದು ಕಟ್ಟುನಿಟ್ಟಿತ್ತು: ಮುಚ್ಚಿಸಿಕೊಳ್ಳಲು ಬಂದವರನ್ನು ಅವತ್ತೇ ಕುರ್ಚಿಗೆ ಕೂರಿಸಬಾರದು. ಒಂದು ತಿಂಗಳು ಬಿಟ್ಟು ಬಾ ಎಂದು ಕಳಿಸಬೇಕು. ತಿಂಗಳ ನಂತರ ಮತ್ತೆ ಬಂದವರು ಕಡಿಮೆ.

ಒಂದು ದಿನ ಅವನು ಅಂಗಡಿಯನ್ನು ತಂಗಿಗೆ ಬಿಟ್ಟು ಊರು ಸುತ್ತಲು ಹೋಗಿದ್ದ. ಬೇಕರಿಯಾಕೆ ಬಂದಳು, ಅತ್ತು ಅತ್ತು ಕಣ್ಣು ಊದಿತ್ತು. ಮಣಿಕಟ್ಟಿನ ಮೇಲೆ ಗಂಡನ ಹೆಸರು. ಈಗಲೇ ಮುಚ್ಚು, ಇಲ್ಲದಿದ್ದರೆ ಚಾಕುವಿನಲ್ಲಿ ಕೆರೆದುಕೊಳ್ಳುತ್ತೇನೆ ಎಂದಳು. ತಂಗಿಗೆ ಕರುಳು ಚುರ್ ಎಂದಿತು. ಕೂರಿಸಿದಳು. ಅಗಲವಾದ ಒಂದು ಎಲೆ ಹಾಕಿದಳು, ನರನರವೂ ಕಾಣುವಂಥದ್ದು. ಅದಕ್ಕಿಂತ ಒಳ್ಳೆಯ ಕೆಲಸ ಅವಳು ಅದುವರೆಗೆ ಮಾಡಿರಲಿಲ್ಲ. ವಾರ ಕಳೆಯುವುದರೊಳಗೆ ಗಂಡ ಹೆಂಡತಿ ರಾಜಿಯಾಗಿ ಒಟ್ಟಿಗೇ ಅಂಗಡಿಗೆ ಬಂದರು. ಬೇಕರಿಯಾಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇದನ್ನು ತೆಗೆಯಲು ಬರುತ್ತದಾ ಎಂದು ಕೇಳಿದಳು.

ಬರುವುದಿಲ್ಲ. ಅವರು ಹೋಗುವವರೆಗೂ ಅಣ್ಣ ತಡೆದುಕೊಳ್ಳಲಿಲ್ಲ.

"ಹಣ್ಣಿಗೆ ಚುಚ್ಚೋದಕ್ಕೂ ಮನುಷ್ಯರಿಗೆ ಚುಚ್ಚೋದಕ್ಕೂ ವ್ಯತ್ಯಾಸ ಗೊತ್ತಿಲ್ಲ ನಿನಗೆ."

"ನೀನು ಅಂಗಡೀಲಿ ಇರ್ಬೇಕಿತ್ತು. ನಲ್ಲಿ ನೋಡ್ಕೊಂಡು ಬೀದಿ ಅಲೆಯೋನು ನನಗೇನು ಹೇಳೋದು?"

"ನಿನ್ನ ಕೈಗೆ ಸೂಜಿ ಕೊಟ್ಟಿದ್ದೇ ತಪ್ಪು. ಇದನ್ನ ಇವತ್ತೇ ಮುಚ್ಚಿಬಿಡ್ತೀನಿ," ಎಂದು ಅಣ್ಣ ಎಡಗೈಯನ್ನು ಅವಳ ಮುಖಕ್ಕೆ ಹಿಡಿದ.

"ಮುಚ್ಕೋ," ಎಂದಳು ತಂಗಿ. ಎಷ್ಟು ಸುಲಭವಾಗಿ ಬಂದ ಮಾತು.

ಮರುದಿನ ಅಂಗಡಿಯಲ್ಲಿದ್ದ ತನ್ನ ಸಾಮಾನು ತೆಗೆದುಕೊಳ್ಳಲೆಂದು ಬೀದಿಯ ತಿರುವಿನವರೆಗೆ ಬಂದಳು. ಆ ಸುಡುಬಿಸಿಲಿನಲ್ಲಿ ಅಣ್ಣ ತುಂಬುತೋಳಿನ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಅವಳು ಅಲ್ಲಿಂದಲೇ ತಿರುಗಿದಳು. ಮುಂದೆ ಅವಳು ಬೇರೆಯಾಗಿ ತೆರೆದ ಅಂಗಡಿ ಚೆನ್ನಾಗಿಯೇ ನಡೆಯಿತು. ಒಂದೇ ಕೊರತೆ: ಗುಂಡಗಿನದು ಯಾವುದನ್ನೂ ಅವಳು ಹಾಕುತ್ತಿರಲಿಲ್ಲ. ಗಡಿಯಾರ ಕೇಳಿದವರಿಗೆ ಮೆಷಿನ್ ಕೆಟ್ಟಿದೆ ಅನ್ನುತ್ತಿದ್ದಳು. ತುಂಬುಚಂದ್ರ ಕೇಳಿದವರಿಗೆ ಬಿದಿಗೆ ಚಂದ್ರನೇ ಚೆಂದ ಎಂದು ಒಪ್ಪಿಸುತ್ತಿದ್ದಳು.

*

ಬೇಕರಿಯಾಕೆ ಬಂದಾಗ ಹನ್ನೊಂದು ದಾಟಿತ್ತು. ಹಿಂದೆಯೇ ಅವಳ ಗಂಡ, ಬಂದವರಿಗೆಲ್ಲ ಹಂಚಲು ತಂದ ಬ್ರೆಡ್ಡಿನ ದೊಡ್ಡ ಪೊಟ್ಟಣ ಕೈಯಲ್ಲಿ. ತಂಗಿಗೆ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬೇಕರಿಯಾಕೆ ಬಂದು ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡಳು. ಮಣಿಕಟ್ಟಿನ ಮೇಲೆ ಆ ಎಲೆ.

"ನಿಮ್ಮನ್ನ ನೋಡಿ ಎಷ್ಟು ಕಾಲ ಆಯ್ತು," ಎಂದಳು.

"ಅವತ್ತು ನಾನು ಆತುರ ಮಾಡಿಬಿಟ್ಟೆ," ಎಂದಳು ತಂಗಿ.

"ಎಲ್ಲೀ ಆತುರ? ನಿಮ್ಮಣ್ಣ ಹೇಳಲಿಲ್ವಾ ನಿಮಗೆ? ಬಾರೋ ಇಲ್ಲಿ, ಕೈ ತೋರಿಸು," ಎಂದು ಅವಳು ಗಂಡನನ್ನು ಕರೆದಳು. ಆತ ನಾಚಿಕೊಂಡು ಪೊಟ್ಟಣ ಕೆಳಗಿಟ್ಟು ಕೈ ಚಾಚಿದ. ಅವನ ಮಣಿಕಟ್ಟಿನ ಮೇಲೂ ಅದೇ ಎಲೆ. "ಹೆಸರು ಹೋದ್ರೆ ಹೋಯ್ತು, ನನಗೂ ಎಲೇನೇ ಹಾಕಿ ಅಂತ ಹೋಗಿ ಕೂತ ಇವನು. ನಿಮ್ಮಣ್ಣ ನನ್ನ ಕೈ ಪಕ್ಕದಲ್ಲಿಟ್ಕೊಂಡು ನೋಡಿ ನೋಡಿ ಹಾಕಿದ್ರು. ಬೇರೆ ತರ ಹಾಕಿ ಅಂತ ಇವನು ಅಂದ್ರೂ ಬೇಡ, ತಂಗಿ ಹಾಕಿದ ಹಾಗೇ ಇರ್ಲಿ ಅಂತ, ಒಂದು ನರ ಕೂಡ ಬದಲಾಯಿಸಲಿಲ್ಲ."

ತಂಗಿ ಎರಡೂ ಎಲೆಗಳನ್ನು ನೋಡಿದಳು. ಎರಡನೆಯದು ಅಣ್ಣನ ಕೈ ಎಂದು ಯಾರೂ ಹೇಳಲಾರರು. ಅವನ ಗೆರೆ ಯಾವಾಗಲೂ ಅವಳದಕ್ಕಿಂತ ತೆಳು. ಇಲ್ಲಿ ಬೇಕೆಂದೇ ದಪ್ಪ ಮಾಡಿದ್ದ. ಬೆನ್ನ ಮೇಲಿಂದ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. ಆದರೆ ಒಂದೇ ಮೂಟೆ. ಇನ್ನೊಂದು ಹಾಗೇ ಇತ್ತು.

ಹೊರಗೆ ವಾಹನದ ಹಾರ್ನ್ ಕೇಳಿಸಿತು. ಬಸ್ಸಿನವನು ಓಡಿಹೋಗಿ, "ಹಿಂದೆ, ಹಿಂದೆ, ಇನ್ನೂ ಹಿಂದೆ" ಎಂದು ಓಣಿಗೆಲ್ಲ ಕೇಳುವಂತೆ ಕೂಗತೊಡಗಿದ. ಕೂತಿದ್ದವರು ಎದ್ದರು. ಕ್ಷೌರಿಕ ಮಂಚದ ತಲೆಯ ಕಡೆಗೆ ಹೋಗಿ ನಿಂತ. ಇನ್ನು ಸುಕ್ಕು, ನೊಣ ಎಂದು ನೆಪ ಹೇಳುವ ಕಾಲ ಮುಗಿದಿತ್ತು.

"ಅತ್ತಿಗೆ," ಎಂದಳು ತಂಗಿ. ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು, ಎಲ್ಲರೂ ತಿರುಗಿ ನೋಡಿದರು. ನೋಡಲಿ. "ಅಣ್ಣನ ತೋಳು ಮಡಚಿ ನೋಡ್ಲಾ?"

ಅತ್ತಿಗೆ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

"ಕೇಳೋಕೆ ಇಷ್ಟು ಹೊತ್ತು ಬೇಕಾಯ್ತಾ? ಬೆಳಿಗ್ಗೆಯಿಂದ ಆ ಗುಂಡಿ ಜೊತೆ ಒದ್ದಾಡ್ತಿದ್ದೀಯ. ಬಿಚ್ಚು."

ತಂಗಿ ಗುಂಡಿ ಬಿಚ್ಚಿದಳು. ಒಂದು ಮಡಿಕೆ, ಎರಡು ಮಡಿಕೆ. ಮೊದಲು ಹ್ಯಾಂಡಲ್ ಕಂಡಿತು, ಆಮೇಲೆ ಸೀಟು, ಕ್ಯಾರಿಯರ್. ಅವುಗಳ ಕೆಳಗೆ ಎರಡು ಆಲೂಗಡ್ಡೆ.

ಸೈಕಲ್ ಇತ್ತು. ಇದ್ದದ್ದಷ್ಟೇ ಅಲ್ಲ, ಹಳೆಯ ಹಚ್ಚೆಗಳೆಲ್ಲ ಹಸಿರಾಗಿ ಮಾಸಿದ್ದ ಆ ತೋಳಿನಲ್ಲಿ ಅದೊಂದು ಮಾತ್ರ ಕಡುಗಪ್ಪಗೆ, ಹೋದ ತಿಂಗಳು ಹಾಕಿದ ಹಾಗಿತ್ತು. ತಂಗಿ ಬಗ್ಗಿ ನೋಡಿದಳು. ಯಾರೋ ಅವಳ ಗೆರೆಯ ಮೇಲೆಯೇ ಮತ್ತೆ ಸೂಜಿ ಓಡಿಸಿದ್ದರು. ಅವಳ ಕೈ ಎಲ್ಲೆಲ್ಲಿ ನಡುಗಿತ್ತೋ ಅಲ್ಲಲ್ಲಿ ನಡುಗಿಸಿ, ಎಲ್ಲಿ ತಪ್ಪಿತ್ತೋ ಅಲ್ಲೇ ತಪ್ಪಿಸಿ. ನೆಟ್ಟಗೆ ಎಳೆಯುವುದು ಯಾರಿಗಾದರೂ ಬರುತ್ತದೆ, ಇನ್ನೊಬ್ಬರ ನಡುಕವನ್ನು ಹಾಗೆ ಹಿಂಬಾಲಿಸುವುದು ಎಷ್ಟು ಕಷ್ಟವೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಮುಚ್ಚಬೇಕು ಅಂತಾನೇ ಕೂತ್ರು ಅವತ್ತು," ಎಂದಳು ಅತ್ತಿಗೆ. "ದೀಪದ ಕೆಳಗೆ ಹಿಡಿದು ನೋಡಿದ್ರೆ ಬಿಸಿಲಿಗೆ ಎಲ್ಲಾ ಮಾಸಿಹೋಗಿತ್ತು. 'ಇನ್ನೆರಡು ವರ್ಷ ಹೋದ್ರೆ ತಾನಾಗೇ ಅಳಿಸಿಹೋಗುತ್ತಲ್ಲೇ' ಅಂತ ಗಾಬರಿ ಬಿದ್ರು. ಮಾರನೇ ದಿನದಿಂದ ತುಂಬುತೋಳು. ಆಮೇಲೆ ಮಾಸಿದಾಗೆಲ್ಲ ಕೂತು ತಿದ್ದೋದು. ಒಂದೇ ಕೈಯಲ್ಲಿ ಆಗಲ್ವಲ್ಲ, ಚರ್ಮ ಎಳೆದು ಹಿಡಿಯೋಕೆ ನಾನು. 'ಕಡ್ಡಿ ಹಿಡಿದ ಕಡೆಯಿಂದಲೇ ಹಿಡಿ. ಈಚೆ ಸರಿದೆಯೋ, ಚಕ್ರ ಗುಂಡಗಾಗಿಬಿಡುತ್ತೆ' ಅಂತ ನನಗೆ ಬೈಗುಳ ಬೇರೆ."

"ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಅವಳೇ ಬಂದು ಕೇಳ್ಲಿ ಅಂತ ಅವರು. ಅವನೇ ಕರೀಲಿ ಅಂತ ನೀನು. ನಡುವೆ ನನಗೆ ಸಾಕಾಗಿ ಹೋಗಿತ್ತು."

ತಂಗಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು, ಬೆಳಿಗ್ಗೆಯಿಂದ ಬಾರದೇ ಇದ್ದದ್ದು. ಅವಳ ಎಡಗೈ ತಾನಾಗಿಯೇ ಹೋಗಿ ಅಣ್ಣನ ತೋಳಿನ ಮೇಲೆ ಕೂತಿತು. ಹೆಬ್ಬೆರಳು ಅಲ್ಲಿ, ತೋರುಬೆರಳು ಇಲ್ಲಿ. ಒಂದೇ ಕಡೆಗೆ ಜಗ್ಗಿದಳು. ಚಕ್ರಗಳೆರಡೂ ಗುಂಡಗಾದವು.

"ಎತ್ತೋಣ್ವಾ ಅಕ್ಕ?" ಎಂದು ಬಸ್ಸಿನವನು ಬಾಗಿಲಿಂದ ಕೇಳಿದ.

"ತೋಳು ಇಳಿಸೇ ಕಡ್ಡಿ," ಎಂದಳು ಅತ್ತಿಗೆ. "ಹೊರಗೆ ಬಿಸಿಲಿದೆ."

ತಂಗಿ ಬೆರಳು ಸಡಿಲಿಸಿದಳು. ಚಕ್ರಗಳು ಈ ಸಲ ಅವಸರವಿಲ್ಲದೆ, ನಿಧಾನವಾಗಿ, ಒಂದಾದ ಮೇಲೊಂದು ಆಲೂಗಡ್ಡೆಯಾದವು. ಅವಳು ಮಡಿಕೆ ಬಿಡಿಸಿ, ತೋಳನ್ನು ಮಣಿಕಟ್ಟಿನವರೆಗೆ ಎಳೆದು, ಗುಂಡಿ ಹಾಕಿದಳು.